ತಕಿಟದ ಮೇಲೆ ತಕಧಿಮಿ

ಪೋಲೆಂಡಿನ ಸಂಗೀತಕಾರ ಶೋಪಾನ್‌ನ ಫ್ಯಾಂಟಸಿ ಇಂಪ್ರಾಂಪ್ಟು ಅನ್ನುವ ಪಿಯಾನೋ ಕೃತಿ ಕೇಳಿದವರಿಗೆಲ್ಲ ಅದನ್ನು ನುಡಿಸಬೇಕು ಅನ್ನಿಸುತ್ತದೆ. ನನಗೂ ಅನ್ನಿಸಿತು. 1834ರಲ್ಲಿ ಬರೆದಿದ್ದನ್ನು ಆತ ಬದುಕಿರುವವರೆಗೂ ಅಚ್ಚಿಗೇ ಕೊಡಲಿಲ್ಲ. ಗೆಳೆಯ ಫೊಂಟಾನಾ 1855ರಲ್ಲಿ ಹೊರತಂದ. ಹಾಗೇ ಪೆಟ್ಟಿಗೆಯಲ್ಲೇ ಇದ್ದಿದ್ದರೆ ನನ್ನ ಆರು ತಿಂಗಳು ಉಳಿಯುತ್ತಿತ್ತು!

ಕಷ್ಟ ಇರುವುದು ಲೆಕ್ಕದಲ್ಲಿ. ಬಲಗೈ ನಾಲ್ಕು ಸ್ವರ ನುಡಿಸುವಷ್ಟರಲ್ಲಿ ಎಡಗೈ ಮೂರು ನುಡಿಸಬೇಕು. ಚಿಕ್ಕವನಿದ್ದಾಗ ಮೃದಂಗ ಕಲಿತಿದ್ದೆ, ಹಾಗಾಗಿ ಇದು ಮೂರಕ್ಷರದ ತಕಿಟದ ಮೇಲೆ ನಾಲ್ಕಕ್ಷರದ ತಕಧಿಮಿ ಅಷ್ಟೇ ಅಲ್ವಾ ಅಂದುಕೊಂಡೆ. ಗಣಿತದ ಚೌಕದ ಪುಸ್ತಕ ತೆಗೆದು ಹನ್ನೆರಡು ಮನೆ ಗುರುತು ಮಾಡಿದೆ. ಬಲಗೈಗೆ 1, 4, 7, 10. ಎಡಗೈಗೆ 1, 5, 9. ಅಂದರೆ ಎರಡೂ, ಬಲ, ಎಡ, ಬಲ, ಎಡ, ಬಲ. ತೊಡೆ ಮೇಲೆ ತಟ್ಟಿದರೆ ಎರಡೇ ದಿನಕ್ಕೆ ಬಂತು.

ಪಿಯಾನೋ ಮುಂದೆ ಕೂತಾಗ ಎಡವಟ್ಟಾಯಿತು. ಬಲಗೈಯ ಮೊದಲ ಸ್ವರದ ಜಾಗ ಖಾಲಿ! ನನ್ನ ಲೆಕ್ಕದಲ್ಲಿ ಎರಡೂ ಕೈ ಸೇರುವುದು ಒಂದೇ ಕಡೆ, ಅಲ್ಲೇ ಬಲಗೈ ಸುಮ್ಮನಿರಬೇಕು. ಎಡುಪು, ಅಂದರೆ ತಾಳದಲ್ಲಿ ಹಾಡು ಶುರುವಾಗುವ ಜಾಗ, ತಪ್ಪಿದ ಹಾಡಿನ ಹಾಗೆ ಪ್ರತಿ ಸಲ ಮುಗ್ಗರಿಸುತ್ತಿದ್ದೆ. ಕೊನೆಗೆ ಆ ಖಾಲಿ ಜಾಗದಲ್ಲಿ ಬಾಯಲ್ಲಿ ಜೋರಾಗಿ 'ತ' ಅನ್ನತೊಡಗಿದೆ. ವಾರದ ನಂತರ ಮೆಲ್ಲಗೆ, ಆಮೇಲೆ ಮನಸ್ಸಿನಲ್ಲೇ.

ಟಿಕ್ ಟಿಕ್ ಅಂತ ಲಯ ತೋರಿಸುವ ಮೆಟ್ರೊನೋಮ್ ನಿಧಾನವಾಗಿ ಇರುವಾಗ ಎಲ್ಲ ಸರಿ. ವೇಗ ಸ್ವಲ್ಪ ಏರಿಸಿದರೆ ಕುಂಟುವ ಎತ್ತಿನಗಾಡಿ. ಬಲಗೈ ನೋಡಿಕೊಂಡು ಎಡಗೈ ಸ್ವರಗಳು ಗಿಡ್ಡ-ಉದ್ದ ಆಗುತ್ತಿದ್ದವು. ಇಲ್ಲಿ ಗೊತ್ತಾಯಿತು, ಲೆಕ್ಕ ಕಲಿಯುವುದಕ್ಕೆ ಮಾತ್ರ, ನುಡಿಸುವುದಕ್ಕಲ್ಲ. ಆ ವೇಗದಲ್ಲಿ ಹನ್ನೆರಡು ಮನೆ ಎಣಿಸೋಕೆ ಯಾರಿಗೆ ಪುರುಸೊತ್ತು?

ಎರಡು ಕೈ ಸೇರಿಸುವುದನ್ನೇ ನಿಲ್ಲಿಸಿದೆ. ಹದಿನೈದು ದಿನ ಬರೀ ಎಡಗೈ. ಸಿ ಶಾರ್ಪ್‌ನಿಂದ ಹೊರಟು ಮೇಲಿನ ಇ ಮುಟ್ಟಿ ವಾಪಸ್ ಬರುವ ಆರು ಸ್ವರ, ಅದೇ ಸುತ್ತು. ಅಡುಗೆಮನೆಯಿಂದ ಅಮ್ಮ "ಅದನ್ನೇ ಎಷ್ಟು ಸಲ ಕುಟ್ತೀಯೋ? ಸಾರಿಗೆ ಉಪ್ಪು ಸಾಕಾ ನೋಡು ಬಾ" ಅನ್ನುತ್ತಿದ್ದರು. ಕೈ ನಿಲ್ಲಿಸದೆ ಉತ್ತರ ಕೊಡುವುದನ್ನೇ ಪರೀಕ್ಷೆ ಮಾಡಿಕೊಂಡೆ. ಮೊದಲು "ಬಂದೆ" ಅನ್ನುವಷ್ಟರಲ್ಲಿ ತಪ್ಪುತ್ತಿತ್ತು. ಉಪ್ಪಿನ ಬಗ್ಗೆ ಪೂರ್ತಿ ವಾದ ಮಾಡಿಯೂ ಕೈ ತಪ್ಪದ ದಿನ ಬಲಗೈ ಸೇರಿಸಿದೆ. ಒಂದೇ ಒಂದು ಬಾರ್, ನಮ್ಮ ತಾಳದ ಒಂದು ಆವರ್ತದ ಹಾಗೆ. ತಾನಾಗೇ ಕೂತಿತು.

ಇನ್ನೊಂದು ಕಾಟ ಹೆಬ್ಬೆರಳಿನದು. ಬಲಗೈಯಲ್ಲಿ ಜಿ ಶಾರ್ಪ್, ಎ, ಮತ್ತೆ ಜಿ ಶಾರ್ಪ್, ಆಮೇಲೆ ಎಫ್ ಡಬಲ್ ಶಾರ್ಪ್. ಹೆಸರು ದೊಡ್ಡದು, ಒತ್ತುವುದು ಜಿ ಅನ್ನುವ ಬಿಳಿ ಮನೆಯನ್ನೇ. ಅಲ್ಲಿ ಹೆಬ್ಬೆರಳು ಧೊಪ್ ಅಂತ ಬೀಳುತ್ತಿತ್ತು. ಫೋನಿನಲ್ಲಿ ರೆಕಾರ್ಡ್ ಮಾಡಿ ಕೇಳುವವರೆಗೂ ಗೊತ್ತೇ ಆಗಿರಲಿಲ್ಲ. ಮಣಿಕಟ್ಟು ಒಂದಿಷ್ಟು ಎತ್ತಿ, ಬೆರಳಿನ ಅಂಚಿನಿಂದ ಮುಟ್ಟಿದೆ. ಉದ್ದ-ಗಿಡ್ಡ, ಗಿಡ್ಡ-ಉದ್ದ ಅಂತ ತಾಳ ಬದಲಿಸಿಯೂ ನುಡಿಸಿದೆ. ನಿಜ ಹೇಳಬೇಕೆಂದರೆ ತಾಳ ಬದಲಿಸಿದ್ದಕ್ಕಿಂತ ರೆಕಾರ್ಡಿಂಗ್ ಕೇಳಿದ್ದೇ ಜಾಸ್ತಿ ಕೆಲಸಕ್ಕೆ ಬಂತು.

ಈಗ ಶುರುವಿನ ಭಾಗ ಸಲೀಸು. ನಡುವಿನ ನಿಧಾನದ ಹಾಡು ಮುಗಿದು ಮತ್ತೆ ಓಟ ಶುರುವಾಗುವ ಕಡೆ ಮಾತ್ರ ಇನ್ನೂ ಎಡವುತ್ತೇನೆ, ಕೈ ಮೆತ್ತಗಾಗಿಬಿಟ್ಟಿರುತ್ತದೆ. ಅದಕ್ಕೇ ದಿನಾ ಅಭ್ಯಾಸ ಅಲ್ಲಿಂದಲೇ ಶುರು ಮಾಡುತ್ತೇನೆ. ಅಮ್ಮ ಬಾಗಿಲು ಹಾಕಿಕೊಳ್ಳುತ್ತಾರೆ.