ಕೂಸಿಗೆ ಥೈರಾಯ್ಡ್ ಮಾತ್ರೆ ಕುಡಿಸುವುದು ಹೇಗೆ?

ಹುಟ್ಟಿನಿಂದಲೇ ಥೈರಾಯ್ಡ್ ಕೊರತೆಯಿರುವ ಕೂಸು ಮೊದಮೊದಲು ಚೆನ್ನಾಗಿಯೇ ಕಾಣುತ್ತದೆ. ಹೊಟ್ಟೆಯಲ್ಲಿದ್ದಾಗ ತಾಯಿಯಿಂದ ಬಂದ ಹಾರ್ಮೋನು ಕೆಲ ದಿನ ಕಾಪಾಡುತ್ತದೆ. ಕಾಮಾಲೆ ಇಳಿಯದಿರುವುದು, ಮಲಬದ್ಧತೆ, ಒರಟು ದನಿಯ ಅಳು, ಉಬ್ಬಿದ ಹೊಕ್ಕುಳ ಕಾಣಿಸಿಕೊಳ್ಳುವ ಹೊತ್ತಿಗೆ ಮಿದುಳಿಗೆ ಪೆಟ್ಟು ಬಿದ್ದಿರಬಹುದು. ಅಷ್ಟರವರೆಗೂ ಮನೆಯವರು ‘ಪಾಪ, ಹಟವೇ ಇಲ್ಲದ ಮಗು’ ಎಂದು ಹಿಗ್ಗುತ್ತಿರುತ್ತಾರೆ.

ಹಾಗಾಗಿ ಮೊದಲು ಪರೀಕ್ಷೆ. ಹಿಮ್ಮಡಿ ಚುಚ್ಚಿ ಟಿಎಸ್‌ಎಚ್ (ಥೈರಾಯ್ಡ್ ಗ್ರಂಥಿಯನ್ನು ಕೆಲಸಕ್ಕೆ ಹಚ್ಚುವ ಹಾರ್ಮೋನು; ಗ್ರಂಥಿ ಸೋತರೆ ಇದು ಏರುತ್ತದೆ) ನೋಡುವುದಾದರೆ ಹುಟ್ಟಿ 48 ಗಂಟೆ ಕಳೆದಿರಲಿ. ಮೊದಲ ದಿನ ಎಲ್ಲ ಮಕ್ಕಳಲ್ಲೂ ಅದು ಏರಿರುತ್ತದೆ. ಹೆಚ್ಚು ಬಂದರೆ ರಕ್ತನಾಳದಿಂದ ರಕ್ತ ತೆಗೆದು ಟಿ4 (ಥೈರಾಯ್ಡ್ ಗ್ರಂಥಿಯೇ ತಯಾರಿಸುವ ಹಾರ್ಮೋನು), ಟಿಎಸ್‌ಎಚ್ ಎರಡನ್ನೂ ಖಚಿತಪಡಿಸಿಕೊಳ್ಳುತ್ತಾರೆ. ಮೊದಲ ಪರೀಕ್ಷೆಯಲ್ಲೇ ಟಿಎಸ್‌ಎಚ್ 40 ದಾಟಿದ್ದರೆ ಎರಡನೇ ವರದಿಗೆ ಕಾಯದೆ ಔಷಧ ಶುರು. ಎರಡು ವಾರದೊಳಗೆ ಶುರುವಾಗಲೇಬೇಕು.

ಔಷಧ ಲೆವೊಥೈರಾಕ್ಸಿನ್. ದಿನಕ್ಕೆ ಕಿಲೋ ತೂಕಕ್ಕೆ 10ರಿಂದ 15 ಮೈಕ್ರೊಗ್ರಾಂ. 3 ಕಿಲೋ ಕೂಸಿಗೆ ಸಾಮಾನ್ಯವಾಗಿ 37.5, ಅಂದರೆ 25ರದ್ದೊಂದು, 12.5ರದ್ದೊಂದು ಮಾತ್ರೆ. ಪ್ರಮಾಣ ವೈದ್ಯರು ಹೇಳಿದ್ದೇ ಅಂತಿಮ.

ಕೆಲಸ ಕೆಡುವುದು ಕುಡಿಸುವಾಗ. ಕುಟ್ಟಾಣಿ ಬೇಡ, ಅರ್ಧ ಪುಡಿ ಅದಕ್ಕೇ ಅಂಟಿ ಉಳಿಯುತ್ತದೆ. ಸ್ಟೀಲ್ ಚಮಚದಲ್ಲಿ ಮಾತ್ರೆಯಿಟ್ಟು ನಾಲ್ಕು ಹನಿ ಎದೆಹಾಲು ಬಿಡಿ. ಒಂದು ನಿಮಿಷ ನೆನೆಯಲಿ. ಇನ್ನೊಂದು ಚಮಚದ ಬೆನ್ನಿನಿಂದ ಒತ್ತಿ ನುಣ್ಣಗೆ ಮಾಡಿ, ಒಟ್ಟು 2 ಮಿ.ಲೀ. ಆಗುವಷ್ಟು ಹಾಲು ಸೇರಿಸಿ. ಸೂಜಿ ತೆಗೆದ ಸಿರಿಂಜಿನಿಂದ ಕೆನ್ನೆಯ ಒಳಬದಿಗೆ ಮೆಲ್ಲಗೆ ಬಿಡಿ. ಒಳಲೆಯಲ್ಲೂ ಕೊಡಬಹುದು, ಆದರೆ ತಳದಲ್ಲಿ ಬಿಳಿ ಪುಡಿ ಉಳಿಯುತ್ತದೆ; ಸಿರಿಂಜೇ ಮೇಲು. ಕೊನೆಗೆ ಚಮಚವನ್ನೂ ಸಿರಿಂಜನ್ನೂ 1 ಮಿ.ಲೀ. ಹಾಲಿನಲ್ಲಿ ತೊಳೆದು ಅದನ್ನೂ ಕುಡಿಸಿ. ಕೂಡಲೇ ಕಕ್ಕಿಕೊಂಡರೆ ಮತ್ತೆ ಕೊಡಬೇಕೇ ಎಂಬುದನ್ನು ವೈದ್ಯರಲ್ಲಿ ಮೊದಲೇ ಕೇಳಿಟ್ಟುಕೊಳ್ಳಿ.

ಬಾಟಲಿ ತುಂಬ ಹಾಲಿಗೆ ಬೆರೆಸಬೇಡಿ. ಕೂಸು ಅರ್ಧಕ್ಕೆ ಬಿಟ್ಟರೆ ಎಷ್ಟು ಔಷಧ ಹೋಯಿತೆಂದು ಯಾರಿಗೆ ಗೊತ್ತು? ವಾರದ ಮಾತ್ರೆಗಳನ್ನು ಒಮ್ಮೆಗೇ ಕರಗಿಸಿಡುವ ಜಾಣತನವೂ ಬೇಡ: ತಳ ಕಟ್ಟುತ್ತದೆ, ಸತ್ವ ಕುಂದುತ್ತದೆ. ಕಬ್ಬಿಣಾಂಶದ ಹನಿ, ಕ್ಯಾಲ್ಸಿಯಂ ಮತ್ತು ಈ ಮಾತ್ರೆಯ ನಡುವೆ 4 ಗಂಟೆ ಬಿಡಿ. ಸೋಯಾ ಹಾಲಿನ ಪುಡಿಯೂ ಔಷಧ ಹೀರುವುದನ್ನು ತಡೆಯುತ್ತದೆ. ಬೆಳಗಿನ ಮೊದಲ ಹಾಲಿನ ಹೊತ್ತೇ ಒಳ್ಳೆಯದು, ಮರೆಯುವುದು ಕಡಿಮೆ. ಬ್ರ್ಯಾಂಡ್ ಪದೇಪದೇ ಬದಲಿಸಬೇಡಿ. ಡಬ್ಬಿ ಒಲೆಯ ಪಕ್ಕದ ಶೆಲ್ಫಿನಲ್ಲಿ ಇರಕೂಡದು.

ಶುರುವಾದ ಎರಡು ವಾರದೊಳಗೆ ಮತ್ತೆ ರಕ್ತಪರೀಕ್ಷೆ, ಆಮೇಲೆ ಮೊದಲ ಆರು ತಿಂಗಳು ಒಂದೆರಡು ತಿಂಗಳಿಗೊಮ್ಮೆ. ಆ ದಿನದ ಮಾತ್ರೆಯನ್ನು ರಕ್ತ ಕೊಟ್ಟ ಮೇಲೆ ಕುಡಿಸಿ. ವರದಿ ‘ನಾರ್ಮಲ್’ ಬಂತೆಂದು ಮಾತ್ರೆ ನಿಲ್ಲಿಸುವವರುಂಟು; ನಾರ್ಮಲ್ ಬಂದದ್ದೇ ಮಾತ್ರೆಯಿಂದ. ಗ್ರಂಥಿ ತಾನಾಗಿ ಕೆಲಸ ಮಾಡುತ್ತದೆಯೇ ಎಂದು ಮಾತ್ರೆ ಬಿಡಿಸಿ ನೋಡುವುದು ಸಾಮಾನ್ಯವಾಗಿ 3 ವರ್ಷ ತುಂಬಿದ ಮೇಲೆ, ಅದೂ ವೈದ್ಯರ ಕಣ್ಣಳತೆಯಲ್ಲಿ.