ಮೊದಲ ಬಾರಿ ಒಂಟೆ ಏರುವವರಿಗೆ

ಒಂಟೆಯ ಮೇಲೆ ಹತ್ತಿ ಕೂರುವುದು ಕಷ್ಟವಲ್ಲ. ನೀವು ಕೂತ ಮೇಲೆ ಅದು ಎದ್ದು ನಿಲ್ಲುತ್ತದಲ್ಲ, ಕಷ್ಟ ಅಲ್ಲಿದೆ. ಹೊಸಬರು ಸಾಮಾನ್ಯವಾಗಿ ಉರುಳುವುದು ಒಂಟೆ ನಡೆಯುವಾಗಲ್ಲ, ಅದು ಏಳುವ ಅಥವಾ ಕೂರುವ ಆ ಕೆಲವೇ ಸೆಕೆಂಡುಗಳಲ್ಲಿ. ಎದ್ದು ನಿಂತ ಒಂಟೆಯ ಭುಜವೇ ನೆಲದಿಂದ 1.8ರಿಂದ 2 ಮೀಟರ್ ಎತ್ತರದಲ್ಲಿರುತ್ತದೆ. ಜೀನಿನ ಮೇಲಿರುವ ನಿಮ್ಮ ತಲೆ ಹೆಚ್ಚು ಕಡಿಮೆ ಮೂರು ಮೀಟರ್ ಮೇಲೆ. ಅಲ್ಲಿಂದ ಬಿದ್ದರೆ ಮರಳೂ ಮೆತ್ತಗಿರುವುದಿಲ್ಲ. ಆದ್ದರಿಂದ ಉಳಿದ ಯಾವುದನ್ನು ಮರೆತರೂ ಏಳುವ, ಕೂರುವ ಕ್ರಮವನ್ನು ಮರೆಯಬೇಡಿ.

ಹತ್ತುವ ಮುನ್ನ ಒಂಟೆಯನ್ನು ನೋಡಿ

ಕೂತಿರುವ ಒಂಟೆಯ ಸುತ್ತ ದೂರದಿಂದ ಒಂದು ಸುತ್ತು ಬನ್ನಿ. ಜೀನಿನ ಅಂಚಿನಲ್ಲಿ, ಡುಬ್ಬದ ಪಕ್ಕಗಳಲ್ಲಿ, ಎದೆಯ ಗಟ್ಟಿ ದಿಂಡಿನ ಬಳಿ ಹಸಿ ಗಾಯಗಳಿದ್ದರೆ ಆ ಒಂಟೆ ಬೇಡ. ಜೀನು ಹುಣ್ಣಿಗೆ ಉಜ್ಜಿದಾಗೆಲ್ಲ ಅದು ಮೈ ಕೊಡವುತ್ತದೆ, ಕೆಲವೊಮ್ಮೆ ಹೇಳದೆ ಕೇಳದೆ ಕೂತುಬಿಡುತ್ತದೆ. ಡುಬ್ಬದಲ್ಲಿರುವುದು ನೀರಲ್ಲ, ಕೊಬ್ಬು. ಒಂಟಿ ಡುಬ್ಬದ ಒಂಟೆಯಲ್ಲಿ ಅದು ನೆಟ್ಟಗೆ ತುಂಬಿಕೊಂಡಿದ್ದರೆ ಮೇವು ಚೆನ್ನಾಗಿ ಸಿಕ್ಕಿದೆ ಎಂದರ್ಥ, ಜೋತುಬಿದ್ದು ಚಪ್ಪಟೆಯಾಗಿದ್ದರೆ ಪ್ರಾಣಿ ಸೊರಗಿದೆ. ನಾಲ್ಕು ಹೆಜ್ಜೆ ನಡೆಸಿ ತೋರಿಸಲು ಕೇಳಿ. ಕುಂಟುತ್ತಿದ್ದರೆ ಅಲ್ಲೇ ಗೊತ್ತಾಗುತ್ತದೆ.

ಏಳುವಾಗ, ಕೂರುವಾಗ ಒಂಟೆ ಗೊಳೋ ಎಂದು ಗೊಣಗುವುದು ಸಹಜ. ಅದರ ಸದ್ದಿಗೆ ಹೆದರಬೇಕಿಲ್ಲ. ಹೆದರಬೇಕಾದದ್ದು ಮದವೇರಿದ ಗಂಡಿಗೆ. ಬಾಯಿಯ ಪಕ್ಕದಿಂದ ಗುಲಾಬಿ ಬಣ್ಣದ ಬಲೂನಿನಂಥ ಚೀಲ ಹೊರಗೆ ಉಬ್ಬಿಕೊಳ್ಳುವುದು, ಗಂಟಲಲ್ಲಿ ಗುಳುಗುಳು ಸದ್ದು, ತುಟಿಯಲ್ಲಿ ನೊರೆ, ಹಲ್ಲು ಕಡಿಯುವುದು, ತಲೆಯ ಹಿಂಭಾಗದಲ್ಲಿ ಕಪ್ಪಗೆ ಒಸರಿ ಅಂಟಿದ ದ್ರವ: ಇವು ಅದರ ಗುರುತುಗಳು. ಭೂಮಧ್ಯರೇಖೆಯ ಉತ್ತರದ ಮರುಭೂಮಿಗಳಲ್ಲಿ ಈ ಮದ ಬರುವುದು ಚಳಿಗಾಲದಲ್ಲಿ, ಅಂದರೆ ಪ್ರವಾಸಿಗರು ಒಂಟೆ ಏರಲು ಬರುವ ತಿಂಗಳುಗಳಲ್ಲೇ. ಅಂಥ ಗಂಡಿನ ಕಡಿತ ಮೂಳೆ ಮುರಿಯಬಲ್ಲದು. ಹೆಣ್ಣೊಂಟೆಯನ್ನೋ ಬೀಜ ಒಡೆದ ಗಂಡನ್ನೋ ಕೇಳಿ ಪಡೆಯಿರಿ.

ಕುದುರೆ ಹಿಂದಕ್ಕೆ ಒದೆಯುತ್ತದೆ, ಒಂಟೆ ಪಕ್ಕಕ್ಕೂ ಒದೆಯಬಲ್ಲದು. ಹಾಗಾಗಿ ನಿಲ್ಲುವುದಾದರೆ ಭುಜದ ಪಕ್ಕ, ಅದಕ್ಕೆ ಕಾಣುವಂತೆ ನಿಲ್ಲಿ. ಹಿಂಗಾಲಿನ ಸುತ್ತ ಸುಳಿಯಬೇಡಿ. ಮುಖಕ್ಕೆ ಮುಖವಿಟ್ಟು ಚಿತ್ರ ತೆಗೆಸಿಕೊಳ್ಳುವ ಹುಚ್ಚೂ ಬೇಡ. 2012ರಲ್ಲಿ ಮೊದಲು ಗುರುತಿಸಲಾದ ಮರ್ಸ್ ಎಂಬ ಉಸಿರಾಟದ ಸೋಂಕಿನ ವೈರಾಣು ಒಂಟಿ ಡುಬ್ಬದ ಒಂಟೆಗಳಿಂದ ಮನುಷ್ಯರಿಗೆ ದಾಟಿದ್ದುಂಟು. ಮುಟ್ಟಿದ ಮೇಲೆ ಕೈ ತೊಳೆಯಿರಿ, ಕಾಯಿಸದ ಹಾಲು ಕುಡಿಯಬೇಡಿ.

ಜೀನು ಮತ್ತು ಪಟ್ಟಿ

ಜಗತ್ತಿನ ಒಂಟೆಗಳಲ್ಲಿ ಬಹುಪಾಲು ಒಂಟಿ ಡುಬ್ಬದವು. ಥಾರ್, ಅರೇಬಿಯಾ, ಸಹಾರಾಗಳಲ್ಲಿ ಸಿಗುವುದು ಇವೇ. ಗೋಬಿ ಮತ್ತು ಮಧ್ಯ ಏಷ್ಯಾದ ಚಳಿ ಮರುಭೂಮಿಗಳಲ್ಲಿ ಎರಡು ಡುಬ್ಬದವು. ಎರಡು ಡುಬ್ಬದ್ದರಲ್ಲಿ ಕೂರುವ ಜಾಗದ ಬಗ್ಗೆ ಚರ್ಚೆಯೇ ಇಲ್ಲ, ನಡುವಿನ ತಗ್ಗೇ ಆಸನ. ಆದರೆ ಮುಂದಿನ ಡುಬ್ಬವನ್ನು ಹಿಡಿಕೆಯಂತೆ ಜಗ್ಗಬೇಡಿ, ಅದು ಪ್ರಾಣಿಯ ಮೈ.

ಒಂಟಿ ಡುಬ್ಬದ್ದರಲ್ಲಿ ಜೀನು ಮೂರು ಬಗೆ. ಡುಬ್ಬವನ್ನು ಸುತ್ತುವರಿದು ಮೇಲೆ ಕಂಬಳಿ ಹೊದಿಸಿದ್ದು, ಡುಬ್ಬದ ಹಿಂದೆ ಕೂರಿಸುವಂಥದ್ದು, ಡುಬ್ಬದ ಮುಂದೆ ಹೆಗಲ ಮೇಲೆ ಇಡುವಂಥದ್ದು. ಈ ಕೊನೆಯದು ಸಹಾರಾದ ತುವಾರೆಗ್ ಅಲೆಮಾರಿಗಳ ಪದ್ಧತಿ. ಸವಾರ ಬರಿಗಾಲನ್ನು ಒಂಟೆಯ ಕತ್ತಿನ ಮೇಲಿಟ್ಟು ಕಾಲಬೆರಳಿನಿಂದಲೇ ಸೂಚನೆ ಕೊಡುತ್ತಾನೆ. ನೋಡಲು ಚೆಂದ, ಹೊಸಬರಿಗಲ್ಲ. ಮೊದಲ ಸಲಕ್ಕೆ ಗಟ್ಟಿ ಹಿಡಿಕೆಯಿರುವ, ಡುಬ್ಬ ಸುತ್ತುವರಿದ ಜೀನು ಒಳ್ಳೆಯದು. ಇಬ್ಬರು ಕೂರುವ ಜೀನಿನಲ್ಲಿ ಹಿಂದಿನ ಆಸನ ಹಿಂಗಾಲಿನ ಹತ್ತಿರವಿರುವುದರಿಂದ ಕುಲುಕಾಟ ಹೆಚ್ಚು. ಆಯ್ಕೆಯಿದ್ದರೆ ಮುಂದೆ ಕೂರಿ.

ಹೊಟ್ಟೆಯ ಕೆಳಗೆ ಹಾದು ಬರುವ ಪಟ್ಟಿಯನ್ನು ನೀವೇ ಎಳೆದು ನೋಡಿ. ಪಟ್ಟಿಗೂ ಮೈಗೂ ನಡುವೆ ಎರಡು ಬೆರಳು ತೂರಬೇಕು, ಮುಷ್ಟಿ ತೂರಬಾರದು. ಹೊರಟು ಹದಿನೈದು ನಿಮಿಷವಾದ ಮೇಲೆ ಮತ್ತೊಮ್ಮೆ ಬಿಗಿಸಲು ಹೇಳಿ. ಅಷ್ಟರಲ್ಲಿ ಅಡಿಯ ಕಂಬಳಿಗಳು ನಿಮ್ಮ ತೂಕಕ್ಕೆ ಅದುಮಿಹೋಗಿ ಪಟ್ಟಿ ಸಡಿಲಾಗಿರುತ್ತದೆ. ಜೀನು ಮೆಲ್ಲಗೆ ಒಂದು ಪಕ್ಕಕ್ಕೆ ಜಾರಿ ಸವಾರರು ನೇತಾಡುವುದು ಈ ಎರಡನೆಯ ಬಿಗಿತ ತಪ್ಪಿದಾಗಲೇ. ಕಾಲಿಡಲು ರಿಕಾಪು ಇದ್ದರೆ ಕೇಳಿ ಹಾಕಿಸಿಕೊಳ್ಳಿ. ಇಲ್ಲದಿದ್ದರೆ ದಪ್ಪ ಹಗ್ಗದ ಎರಡು ಕುಣಿಕೆಗಳೂ ಆದಾವು, ಆದರೆ ಪಾದ ಸಲೀಸಾಗಿ ಹೊರಬರುವಷ್ಟು ಅಗಲವಿರಬೇಕು. ಜೋತುಬಿದ್ದ ಕಾಲು ಒಂದು ಗಂಟೆಯೊಳಗೆ ಜೋಮು ಹಿಡಿಯುತ್ತದೆ.

ಬಟ್ಟೆಯ ವಿಷಯ ಬೇಗ ಮುಗಿಸೋಣ. ಸಡಿಲವಾದ ಉದ್ದ ಪ್ಯಾಂಟು, ತೊಡೆಯ ಒಳಬದಿಯಲ್ಲಿ ದಪ್ಪ ಹೊಲಿಗೆ ಇರಬಾರದು. ಜೀನ್ಸ್ ಬೇಡ. ಒಳಗೆ ಸೈಕಲ್ ಸವಾರರು ಹಾಕುವ ಬಿಗಿ ಚಡ್ಡಿ ಹಾಕಿದರೆ ತೊಡೆ ಸುಲಿಯುವುದಿಲ್ಲ. ತಲೆಗೆ ಮುಖಕ್ಕೆ ಸುತ್ತಿಕೊಳ್ಳಲು ಮೂರು ಮೀಟರ್ ಹತ್ತಿ ಬಟ್ಟೆ, ಗದ್ದಕ್ಕೆ ಕಟ್ಟುವ ಟೋಪಿ, ದಾರ ಕಟ್ಟಿದ ಕಪ್ಪು ಕನ್ನಡಕ, ಮುಚ್ಚಿದ ಬೂಟು. ಹೆಲ್ಮೆಟ್ ಕೊಟ್ಟರೆ ಸಂಕೋಚಪಡದೆ ಹಾಕಿಕೊಳ್ಳಿ. ಗಾಳಿಗೆ ಪಟಪಟ ಹಾರುವ ಸೆರಗು, ಪ್ಲಾಸ್ಟಿಕ್ ಚೀಲ ಯಾವುದೂ ಮೈಮೇಲೆ ಇರಬಾರದು. ಒಂಟೆ ಬೆದರುವುದು ಸಿಂಹಕ್ಕಿಂತ ಹೆಚ್ಚಾಗಿ ಇಂಥವಕ್ಕೆ.

ಏಳುವುದು: ಮೂರು ಎಸೆತ

ಒಂಟೆ ಪೂರ್ತಿ ಕೂತಿರುವಾಗ, ಒಬ್ಬರು ಅದರ ಹಗ್ಗ ಹಿಡಿದು ನಿಂತಿರುವಾಗ ಮಾತ್ರ ಹತ್ತಿ. ಪಕ್ಕದಿಂದ ಬಂದು ಜೀನಿನ ಹಿಡಿಕೆ ಹಿಡಿದು, ಕಾಲನ್ನು ಎತ್ತರಿಸಿ ಆಚೆ ದಾಟಿಸಿ, ತಕ್ಷಣ ನಡುಮಧ್ಯೆ ಕೂರಿ. ಬೂಟು ಅದರ ಬೆನ್ನಿಗೆ ತಾಗಬಾರದು. ಬಹಳಷ್ಟು ಒಂಟೆಗಳು ಬೆನ್ನ ಮೇಲೆ ಭಾರ ಬಿದ್ದ ಕೂಡಲೇ ಅಪ್ಪಣೆಗೆ ಕಾಯದೆ ಏಳುತ್ತವೆ. ಒಂದು ಕಾಲು ಇನ್ನೂ ಗಾಳಿಯಲ್ಲಿರುವಾಗ, ಕೈಯಲ್ಲಿ ಫೋನಿರುವಾಗ ಎದ್ದರೆ ಏನಾಗುತ್ತದೆಂದು ಹೇಳಬೇಕಿಲ್ಲ.

ಈಗ ಎಸೆತಗಳು. ಮೊದಲು ಒಂಟೆ ಮುಂಗಾಲಿನ ಮಂಡಿಯ ಮೇಲೆ ಸ್ವಲ್ಪ ಏಳುತ್ತದೆ, ನೀವು ತುಸು ಹಿಂದಕ್ಕೆ ವಾಲುತ್ತೀರಿ. ಇದು ಸಣ್ಣದು. ಮರುಗಳಿಗೆಯಲ್ಲೇ ಹಿಂಗಾಲುಗಳು ಒಮ್ಮೆಲೇ ನೆಟ್ಟಗಾಗುತ್ತವೆ. ಹಿಂಭಾಗ ಮೇಲೆ, ಮುಂಭಾಗ ಇನ್ನೂ ಮಂಡಿಯ ಮೇಲೆ, ಅಂದರೆ ನೀವು ಕೂತಿರುವುದು ಕಡಿದಾದ ಜಾರುಬಂಡೆಯ ಮೇಲೆ, ಮುಖ ಕೆಳಗಾಗಿ. ಹೆಚ್ಚಿನವರು ಕತ್ತಿನ ಮೇಲಿಂದ ಹಾರಿಹೋಗುವುದು ಈ ಎರಡನೆಯದರಲ್ಲಿ. ಮೂರನೆಯದರಲ್ಲಿ ಮುಂಗಾಲುಗಳು ಒಂದಾದ ಮೇಲೊಂದು ನೆಲಕ್ಕೂರಿ ಎದ್ದು ನಿಮ್ಮನ್ನು ಮತ್ತೆ ಹಿಂದಕ್ಕೆ ತಳ್ಳುತ್ತವೆ.

ಮಾಡಬೇಕಾದದ್ದು ಇಷ್ಟು. ಕೂತ ಕೂಡಲೇ ಒಂದು ಕೈ ಮುಂದಿನ ಹಿಡಿಕೆಯಲ್ಲಿ, ಇನ್ನೊಂದು ಬೆನ್ನ ಹಿಂದೆ ಜೀನಿನ ಅಂಚಿನಲ್ಲಿ. ಮೊದಲೇ ಸೊಂಟದಿಂದ ಚೆನ್ನಾಗಿ ಹಿಂದಕ್ಕೆ ಬಾಗಿ, ಪಾದಗಳನ್ನು ಮುಂದಕ್ಕೆ ಚಾಚಿ ಕಾಯಿರಿ. ಮುಂದಿರುವ ಕೈ ಹಿಡಿಕೆಯನ್ನು ಎಳೆಯಬಾರದು, ತಳ್ಳಬೇಕು. ಮುಖ ಹಿಡಿಕೆಯ ನೇರಕ್ಕೆ ಬರದಿರಲಿ, ಹಲ್ಲು ಮುರಿಯುವುದು ಅಲ್ಲೇ. ಮುಂಗಾಲು ಏಳುತ್ತಿದ್ದಂತೆ ಬೆನ್ನನ್ನು ನೇರಕ್ಕೆ ತನ್ನಿ. ಭಯಕ್ಕೆ ಮುಂದೆ ಬಾಗಿ ಒಂಟೆಯನ್ನು ತಬ್ಬಿಕೊಳ್ಳುವುದು ಮನುಷ್ಯ ಸಹಜ, ಆದರೆ ಇಲ್ಲಿ ಅದೇ ತಪ್ಪು.

ಕೂರುವಾಗಲೂ ಮೊದಲ ಕೆಲಸ ಹಿಂದಕ್ಕೆ ಬಾಗುವುದೇ. ಮೊದಲು ಮುಂಗಾಲಿನ ಮಂಡಿಗಳು ಧೊಪ್ಪನೆ ನೆಲಕ್ಕೆ ಬೀಳುತ್ತವೆ, ಏಳುವಾಗಿನ ಎರಡನೆಯ ಎಸೆತದಷ್ಟೇ ಜೋರು. ಆಮೇಲೆ ಹಿಂಭಾಗ ಮಡಿಚಿ ನಿಮ್ಮನ್ನು ಹಿಂದಕ್ಕೆ ಎಳೆಯುತ್ತದೆ. ಕೊನೆಗೆ ಅತ್ತಿತ್ತ ಅಲುಗಾಡಿ ಒಂಟೆ ತನ್ನ ಜಾಗ ಸರಿಮಾಡಿಕೊಳ್ಳುತ್ತದೆ. ಆ ಅಲುಗಾಟ ನಿಲ್ಲುವ ತನಕ ಹಿಡಿಕೆ ಬಿಡಬೇಡಿ.

ನಡಿಗೆಯ ಜೊತೆ ಹೋಗುವುದು

ಒಂಟೆ ನಡೆಯುವಾಗ ಒಂದೇ ಪಕ್ಕದ ಮುಂಗಾಲು ಹಿಂಗಾಲು ಹೆಚ್ಚು ಕಡಿಮೆ ಒಟ್ಟಿಗೇ ಮುಂದೆ ಬರುತ್ತವೆ: ಎಡಗಡೆಯ ಎರಡು, ಬಳಿಕ ಬಲಗಡೆಯ ಎರಡು. ಅದಕ್ಕೇ ದೋಣಿಯಂಥ ತೂಗಾಟ. ಕಾರಿನಲ್ಲಿ, ಬಸ್ಸಿನಲ್ಲಿ ವಾಂತಿ ಬರುವವರಿಗೆ ಇಲ್ಲೂ ಬಂದೀತು. ಅಂಥವರು ವೈದ್ಯರನ್ನು ಕೇಳಿ ಮಾತ್ರೆಯನ್ನು ಮೊದಲೇ ತೆಗೆದುಕೊಳ್ಳಲಿ, ಕಣ್ಣು ದೂರದ ದಿಗಂತದಲ್ಲಿರಲಿ.

ಈ ತೂಗಾಟವನ್ನು ತಡೆಯಲು ತೊಡೆಯಿಂದ ಜೀನನ್ನು ಅವುಚಿ ಹಿಡಿದರೆ ಒಂದು ಗಂಟೆಯಲ್ಲಿ ತೊಡೆ ಸುಲಿಯುತ್ತದೆ, ಸೊಂಟ ಹಿಡಿಯುತ್ತದೆ. ಹೊಟ್ಟೆಯನ್ನು ಸಡಿಲ ಬಿಡಿ, ಸೊಂಟ ಸಣ್ಣ ವೃತ್ತ ಬರೆಯಲಿ, ಭುಜಗಳು ಮಾತ್ರ ಅಲ್ಲೇ ನಿಲ್ಲಲಿ. ಬಿಂದಿಗೆ ಸೊಂಟದಲ್ಲಿಟ್ಟು ನೀರು ಚೆಲ್ಲದಂತೆ ನಡೆಯುವವರ ಸೊಂಟ ಹೇಗೆ ಆಡುತ್ತದೋ ಹಾಗೆ. ಇಪ್ಪತ್ತು ನಿಮಿಷಕ್ಕೆ ಕೂರುವ ಭಂಗಿ ಬದಲಿಸಿ. ಒಂದು ಕಾಲನ್ನು ಮಡಿಚಿ ಜೀನಿನ ಮುಂದಿನ ಕೊಂಬಿಗೆ ಸುತ್ತಿ ಕೂರುವುದು ಹಳಬರ ಉಪಾಯ, ಒಂಟೆ ಸಮತಟ್ಟಿನಲ್ಲಿ ನಿಧಾನವಾಗಿ ನಡೆಯುತ್ತಿದ್ದರೆ ಮಾತ್ರ ಮಾಡಿ.

ಗಂಟೆಗೆ ಸುಮಾರು 5 ಕಿಲೋಮೀಟರ್ ನಡಿಗೆ ಸಾಕು. ಓಡಿಸಲು ಆಸೆಯಾದರೂ ಮೊದಲ ದಿನ ಬೇಡ. ಮೊದಲ ದಿನ ಒಟ್ಟು ಎರಡು ಗಂಟೆ ಮೀರದಿರಲಿ, ಪ್ರತಿ ಗಂಟೆಗೊಮ್ಮೆ ಇಳಿದು ಹತ್ತು ನಿಮಿಷ ಪಕ್ಕದಲ್ಲಿ ನಡೆಯಿರಿ. ಅಲೆಮಾರಿಗಳೂ ದಿನವಿಡೀ ಒಂಟೆಯ ಮೇಲೆಯೇ ಇರುವುದಿಲ್ಲ, ನಡುನಡುವೆ ಇಳಿದು ನಡೆಯುತ್ತಾರೆ.

ಮರಳುದಿಬ್ಬದ ಗಾಳಿ ಬೀಸುವ ಕಡೆಯ ಇಳಿಜಾರು ಗಟ್ಟಿ, ಮರೆಯ ಕಡೆಯದು ಸಡಿಲ ಮತ್ತು ಕಡಿದು. ಏರುವಾಗ ಮುಂದಕ್ಕೆ ಬಾಗಿ, ಇಳಿಯುವಾಗ ಹಿಂದಕ್ಕೆ. ಒಂಟೆಯನ್ನು ಓರೆಯಾಗಿ, ಹಾವಿನ ದಾರಿಯಲ್ಲಿ ಇಳಿಸಬೇಕು. ತೀರಾ ಕಡಿದಾದ ಮುಖವಿದ್ದರೆ ಇಳಿದು ನಡೆದೇ ದಾಟಿ. ಎರಡು ಬೆರಳುಗಳಿರುವ, ಅಗಲವಾದ ಮೆತ್ತೆಯಂಥ ಒಂಟೆಯ ಪಾದ ಮರಳಲ್ಲಿ ಹೂತುಹೋಗುವುದಿಲ್ಲ, ಆದರೆ ಒದ್ದೆ ಜೇಡಿಯಲ್ಲಿ, ನೆನೆದ ಉಪ್ಪುನೆಲದಲ್ಲಿ ಕಾಲು ಅಗಲಕ್ಕೆ ಜಾರಿ ಪ್ರಾಣಿಯ ತೊಡೆಸಂದು ಹರಿಯಬಹುದು. ಮಳೆ ಬಿದ್ದ ಮರುಭೂಮಿಯಲ್ಲಿ ಸವಾರಿ ಬೇಡ ಎನ್ನುವುದು ಇದೇ ಕಾರಣಕ್ಕೆ.

ಹಗ್ಗ

ಕೆಲವು ಕಡೆ ಮೂಗಿಗೆ ಗೂಟ ಹಾಕಿ ಅದಕ್ಕೆ ದಾರ ಕಟ್ಟುತ್ತಾರೆ, ಕೆಲವು ಕಡೆ ಬರೀ ಮುಖಪಟ್ಟಿ. ಮೂಗುದಾರವಿದ್ದರೆ ಅದು ಎಂದೂ ಬಿಗಿಯಾಗಿರಬಾರದು, ನಡುವೆ ಜೋಲು ಬಿದ್ದಿರಬೇಕು. ಸಮತೋಲ ತಪ್ಪಿದಾಗ ಅದನ್ನೇ ಜಗ್ಗಿದರೆ ಮೂಗು ಹರಿಯುತ್ತದೆ, ನೋವಿಗೆ ಒಂಟೆ ಕೊಸರುತ್ತದೆ. ಯಾವ ಹಗ್ಗವನ್ನೂ ಅಂಗೈಗೆ ಸುತ್ತಿಕೊಳ್ಳಬೇಡಿ. ಸಾಲಾಗಿ ಹೋಗುವಾಗ ಹಿಂದಿನ ಒಂಟೆಯ ಹಗ್ಗವನ್ನು ಮುಂದಿನದರ ಜೀನಿಗೆ ಕಟ್ಟುತ್ತಾರೆ. ಆ ಗಂಟಿನ ನಡುವೆ ಸುಲಭವಾಗಿ ಕಡಿದುಹೋಗುವ ತೆಳು ದಾರದ ತುಂಡಿದೆಯೇ ನೋಡಿ. ಒಂದು ಒಂಟೆ ಮುಗ್ಗರಿಸಿದಾಗ ಆ ದಾರ ಕಡಿಯಬೇಕು, ಮೂಗು ಕಡಿಯಬಾರದು.

ಒಂಟೆ ಬೆದರಿ ಓಡಿತೋ, ಕೂಗಬೇಡಿ, ನೆಗೆಯಬೇಡಿ. ಹಿಂದಕ್ಕೆ ಬಾಗಿ ಕೂತು ಹಿಡಿಕೆ ಗಟ್ಟಿಯಾಗಿ ಹಿಡಿಯಿರಿ. ಹಗ್ಗ ನಿಮ್ಮ ಕೈಯಲ್ಲಿದ್ದರೆ ಒಂದೇ ಪಕ್ಕಕ್ಕೆ ತಲೆ ತಿರುಗುವಂತೆ ನಿಧಾನವಾಗಿ ಎಳೆಯಿರಿ. ಸುತ್ತು ಕಿರಿದಾದಷ್ಟು ಓಟ ತಗ್ಗುತ್ತದೆ. ಜೀನೇ ಪಕ್ಕಕ್ಕೆ ತಿರುಗುತ್ತಿದ್ದರೆ ಮಾತ್ರ ಪಾದ ಬಿಡಿಸಿಕೊಂಡು ಒಂಟೆಯ ಕಾಲುಗಳಿಂದ ದೂರಕ್ಕೆ ಉರುಳಿ.

ನೀರು, ಬಿಸಿಲು, ಗಾಳಿ

ಬಾಯಾರಿದ ಒಂಟೆ ಒಂದೇ ಸಲಕ್ಕೆ ನೂರು ಲೀಟರಿಗೂ ಹೆಚ್ಚು ಕುಡಿದು ದಿನಗಟ್ಟಲೆ ತಡೆಯಬಲ್ಲದು. ನಿಮ್ಮಿಂದ ಆಗದು. ಒಣ ಗಾಳಿಯಲ್ಲಿ ಬೆವರು ಬಂದದ್ದೇ ತಿಳಿಯದಷ್ಟು ಬೇಗ ಆರುತ್ತದೆ, ಆದ್ದರಿಂದ ದಾಹಕ್ಕೆ ಕಾಯಬೇಡಿ. ಇಡೀ ದಿನದ ಸವಾರಿಗೆ ತಲಾ 5 ಲೀಟರ್ ಇಟ್ಟುಕೊಳ್ಳಿ, ಜೊತೆಗೆ ಓಆರ್‌ಎಸ್ ಪೊಟ್ಟಣ. ಒಂದು ಬಾಟಲಿ ಮೈಮೇಲೆಯೇ ಇರಲಿ. ಎಲ್ಲ ನೀರೂ ಒಂಟೆಯ ಬೆನ್ನ ಮೇಲಿದ್ದು ಒಂಟೆ ತಪ್ಪಿಸಿಕೊಂಡು ಹೋದರೆ ನೀವು ಬರಿಗೈ. ಬೆಳಗಿನ ಹತ್ತರೊಳಗೆ, ಸಂಜೆ ನಾಲ್ಕರ ಮೇಲೆ ಸವಾರಿ, ನಡುವೆ ನೆರಳು.

ಮರಳುಗಾಳಿ ಎದ್ದರೆ ಒಂಟೆಯ ಮೇಲಿರಬೇಡಿ. ಕೂರಿಸಿ, ಇಳಿದು, ಗಾಳಿಗೆ ಅದರ ಮೈಯನ್ನೇ ಮರೆಯಾಗಿ ಮಾಡಿಕೊಂಡು ಮೂಗು ಬಾಯಿಗೆ ಬಟ್ಟೆ ಕಟ್ಟಿ ಕೂರಿ. ಅದು ಮೂಗಿನ ಹೊಳ್ಳೆಗಳನ್ನು ಮುಚ್ಚಿಕೊಂಡು ತೆಪ್ಪಗಿರುತ್ತದೆ. ಆದರೆ ಒಂಟೆಗಳು ಮಲಗಿ ಎದ್ದ ಜಾಗದಲ್ಲಿ ಹಾಸಿಗೆ ಹಾಸಬೇಡಿ, ಉಣ್ಣಿಗಳಿರುತ್ತವೆ. ರಾತ್ರಿ ಹೊರಗೆ ಬಿಟ್ಟ ಬೂಟನ್ನು ಬೆಳಿಗ್ಗೆ ತಲೆಕೆಳಗೆ ಮಾಡಿ ಕೊಡವಿಯೇ ಹಾಕಿಕೊಳ್ಳಿ, ಚೇಳಿಗೆ ಅಂಥ ಜಾಗ ಇಷ್ಟ.

ಬೆನ್ನುಮೂಳೆಯ ತೊಂದರೆ ಇರುವವರು, ಗರ್ಭಿಣಿಯರು ಸವಾರಿ ಬಿಡುವುದು ಮೇಲು. ತೂಕ ನೂರು ಕಿಲೋ ಮೀರಿದ್ದರೆ ಮೊದಲೇ ಹೇಳಿ, ದೊಡ್ಡ ಒಂಟೆ ಕೊಡುತ್ತಾರೆ ಅಥವಾ ಆಗದು ಎನ್ನುತ್ತಾರೆ.

ಇಳಿದ ಕೂಡಲೇ ನಡೆಯಲು ಹೋಗಬೇಡಿ. ಜೋಮು ಹಿಡಿದ ಕಾಲು ನೆಲ ಮುಟ್ಟಿದ್ದೇ ಮಡಿಚಿಕೊಳ್ಳುತ್ತದೆ. ಜೀನು ಹಿಡಿದು ಹತ್ತು ಎಣಿಸಿ, ಪಾದಕ್ಕೆ ಅರಿವು ಬಂದ ಮೇಲೆ ಒಂಟೆಯ ಭುಜದ ಕಡೆಯಿಂದ ಸರಿಯಿರಿ. ಮಾರನೆಯ ದಿನ ಬಾಲದ ಮೂಳೆಯ ಬಳಿ, ತೊಡೆಯ ಒಳಗೆ ಉರಿಯಿದ್ದರೆ ವ್ಯಾಸಲೀನ್ ಹಚ್ಚಿ, ಜೀನಿನ ಮೇಲೆ ಇನ್ನೊಂದು ಮಡಿಕೆ ಕಂಬಳಿ ಹಾಕಿಸಿ. ತೊಗಲು ಕಿತ್ತುಬಂದಿದ್ದರೆ ಆ ದಿನ ಒಂಟೆಯ ಪಕ್ಕ ನಡೆಯಿರಿ.