ದೈತ್ಯ ಕುಂಬಳದ ಸಸಿಯನ್ನು ಕುಂಡದಲ್ಲಿ ಜಾಸ್ತಿ ದಿನ ಇಡಬೇಡಿ

ದೈತ್ಯ ಕುಂಬಳದ ಸಸಿ ಮೊಳೆತು ಚೆನ್ನಾಗಿಯೇ ಕಂಡು, ಆಮೇಲೆ ಸುಮ್ನೆ ನಿಂತುಬಿಡುತ್ತಿದೆಯಾ? ಎರಡು ದಪ್ಪ ಬೀಜದೆಲೆಗಳ ನಡುವೆ ಮೊದಲ ಒರಟು ಎಲೆ ಬಿಚ್ಚಿಕೊಳ್ಳುವ ಹೊತ್ತಿಗೇ ಅದನ್ನು ನೆಲಕ್ಕೆ ಇಳಿಸಿ. ಕುಂಬಳದ ಬೇರು ಎಲೆಗಿಂತ ಎಷ್ಟೋ ಮುಂದೆ ಓಡುತ್ತದೆ. ಮೇಲೆ ಪುಟ್ಟ ಸಸಿ ಕಂಡರೂ ಕೆಳಗೆ ಬೇರು ಆಗಲೇ ಕುಂಡದ ಗೋಡೆ ಮುಟ್ಟಿ ಸುತ್ತಲು ಶುರುಮಾಡಿರುತ್ತದೆ. ಹಾಗೆ ಸುತ್ತಿಕೊಂಡದ್ದನ್ನು ಬಿಡಿಸಲು ಹೋದರೆ ಬೇರು ಹರಿಯುತ್ತದೆ. ಈ ಜಾತಿಗೆ ಬೇರು ಹರಿದರೆ ಚೇತರಿಸಿಕೊಳ್ಳುವುದು ಕಷ್ಟ. ಕುಂಡದ ತಳದ ತೂತಿನಲ್ಲಿ ಬಿಳಿ ಬೇರಿನ ತುದಿ ಇಣುಕಿದರೆ ಇನ್ನು ಒಂದು ದಿನವೂ ಕಾಯಬೇಡಿ. ಮಣ್ಣಿನ ಮುದ್ದೆ ಒಡೆಯದಂತೆ, ಕಾಂಡ ಹಿಡಿದು ಎಳೆಯದೆ, ಇಡೀ ಮುದ್ದೆಯನ್ನೇ ಗುಂಡಿಗೆ ಕೂರಿಸಿ. ಕಾಗದದ ಕುಂಡವಾದರೆ ತಳ ಹರಿದು ನೆಡುವುದು ಒಳ್ಳೆಯದು. ಆದರೆ ನೆಲ ತಣ್ಣಗಿದ್ದರೆ ಈ ಉಪಾಯ ನಡೆಯುವುದಿಲ್ಲ. ಮಣ್ಣಿನ ಉಷ್ಣತೆ 15 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿದ್ದರೆ ಬೇರಿನ ಕೆಲಸ ತೀರಾ ನಿಧಾನವಾಗುತ್ತದೆ, ಎಲೆ ಹಳದಿಯಾಗಬಹುದು. ಆಗ ಬೆಚ್ಚಗಿನ ಜಾಗದಲ್ಲೇ ದೊಡ್ಡ ಕುಂಡಕ್ಕೆ ಬದಲಿಸಿ, ನೆಲ ಬೆಚ್ಚಗಾಗುವವರೆಗೆ ಅಲ್ಲೇ ಬೆಳೆಸಿ. ನೀರು ನಿಲ್ಲುವ ಮಣ್ಣು, ಹಸಿ ಗೊಬ್ಬರ ಹಾಕಿದ ಗುಂಡಿ, ಇವೆರಡರಲ್ಲೂ ಎಷ್ಟು ಬೇಗ ನೆಟ್ಟರೂ ಪ್ರಯೋಜನವಿಲ್ಲ. ಬುಡದ ಹತ್ತಿರ ಕಾಂಡ ಕಂದು ಬಣ್ಣಕ್ಕೆ ತಿರುಗಿ, ನೀರು ಹೀರಿದಂತೆ ಮೆತ್ತಗಾಗಿದ್ದರೆ ಅದು ಬುಡ ಕೊಳೆತ. ಅಂಥ ಸಸಿಯನ್ನು ಕಿತ್ತುಹಾಕಿ, ಹೊಸ ಮಣ್ಣಿನಲ್ಲಿ ಬೇರೆ ಬೀಜ ಹಾಕುವುದೇ ಸರಿ.